ಪಂಕ್, ಪಂಖಾ, ಉದ್ದ ಬ್ಯಾಂಡು

ನಮ್ಮ ಮಾಮನಷ್ಟು ಅವಸರದ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಇದ್ದರೂ ಅವನು ಇಷ್ಟೊತ್ತಿಗೆ ಎದ್ದು ಹೋಗಿರುತ್ತಾನೆ, ನಮ್ಮ ಕೈಗೆ ಸಿಗುವುದಿಲ್ಲ!

ಎರಡು ಚೊಂಬು ನೀರಿನಲ್ಲಿ ಅವನ ಸ್ನಾನ ಮುಗಿಯುತ್ತಿತ್ತು. ಊಟಕ್ಕೆ ಕುಳಿತರೆ ಸಾರು ಬರುವುದರೊಳಗೆ ಅನ್ನ ಖಾಲಿ. ಒಮ್ಮೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರು. ಹುಡುಗಿ ಇನ್ನೂ ಒಳಗೆ ಸೀರೆ ಉಡುತ್ತಿದ್ದಳಂತೆ. ಈ ಮಹಾಶಯ ಎದ್ದು ನಿಂತು, "ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ನಡುವ ಉಪ್ಪಿಟ್ಟು ಯಾಕ್ರಿ?" ಎಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟ. ಆ ಹುಡುಗಿಯನ್ನು ನೋಡಲಿಲ್ಲ, ಮುಂದೆ ಇನ್ನೊಬ್ಬಳನ್ನೂ ನೋಡಲಿಲ್ಲ. ಹಾಗಾಗಿ ಕೌಲ್ ಬಜಾರಿನ ಆ ಮನೆಯಲ್ಲಿ ಇದ್ದವರು ಮೂವರೇ: ಮಾಮ, ಅವನ ತಾಯಿಯಾದ ನಮ್ಮ ಅಜ್ಜಿ, ಮತ್ತು ಕುರುಗೋಡಿನಿಂದ ಕಾಲೇಜು ಓದಲು ಬಂದು ಸೇರಿಕೊಂಡಿದ್ದ ನಾನು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಮನೆಯ ಮುಂದಿನ ಕೋಣೆಯೇ ಮಾಮನ ಅಂಗಡಿ. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಒಂದು ದಿನ ಅದಿರಿನ ಗಣಿಗೆ ಯಂತ್ರ ಕೂಡಿಸಲು ಬಂದಿದ್ದ ಬಿಳಿಯ ಇಂಜಿನಿಯರೊಬ್ಬ ತನ್ನ ಟೇಪ್ ರೆಕಾರ್ಡರ್ ತಂದುಕೊಟ್ಟ. ಒಳಗೆ ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಮಾಮ ಅದನ್ನು ಬಿಡಿಸಿ, ಸರಿಯಾಯಿತೋ ಇಲ್ಲವೋ ನೋಡಲು ಗುಂಡಿ ಒತ್ತಿದ. ಯಾರೋ ಮೂರ್ನಾಲ್ಕು ಜನ ಒಂದೇ ಸಲಕ್ಕೆ ಗಿಟಾರು ಬಡಿದು, ಡ್ರಮ್ಮು ಬಡಿದು, ಗಂಟಲು ಹರಿಯುವಂತೆ ಕೂಗಿದರು. ಏನು ಎತ್ತ ಎಂದು ನಾನು ಗಾಬರಿಯಾಗುವುದರೊಳಗೆ ಹಾಡು ಮುಗಿದೇಹೋಗಿತ್ತು! ಮಾಮನ ಮುಖ ಅರಳಿತು.

"ಇದು ಹಾಡು ನೋಡವಾ! ನಿಂತ ಕಾಲಮ್ಯಾಲ ಶುರು, ಕುಂದ್ರೂದ್ರಾಗ ಖಲಾಸ್!"

ಇದಕ್ಕೆ ಪಂಕ್ ಎನ್ನುತ್ತಾರೆ ಎಂದು ಇಂಜಿನಿಯರು ಹೇಳಿದ. ಒಂದು ಕಾಪಿ ಮಾಡಿಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟ. ಅಂದಿನಿಂದ ಮಾಮ ಪಂಕ್ ಆದ. ಪಂಕಿನವರು ಕೂದಲನ್ನು ಮುಳ್ಳಿನ ಹಾಗೆ ನಿಲ್ಲಿಸಿಕೊಳ್ಳುತ್ತಾರಂತೆ. ಮಾಮನ ತಲೆಯ ಮೇಲೆ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಅವರು ಅಂಗಿಗೆ ಸೇಫ್ಟಿ ಪಿನ್ನು ಚುಚ್ಚಿಕೊಳ್ಳುತ್ತಾರಂತೆ. ಅದು ಸುಲಭವಿತ್ತು, ಚುಚ್ಚಿಕೊಂಡ. ಅಜ್ಜಿ ಬಂದವಳೇ, "ಚಲೋ ಆತು, ಆ ಪಿನ್ನ ಇಲ್ಲಿ ತಾ, ಲಂಗಕ್ಕ ಲಾಡಿ ಏರಸ್ಬೇಕು" ಎಂದು ಬಿಚ್ಚಿಕೊಂಡು ಹೋದಳು. ಲಂಡನ್ನಿನ ಬಂಡಾಯ ಕೌಲ್ ಬಜಾರಿನಲ್ಲಿ ಅರ್ಧ ಗಂಟೆ ಬಾಳಿತು.

ಒಬ್ಬನೇ ಪಂಕ್ ಆಗಿದ್ದರೆ ಏನು ಸೊಗಸು? ಮಾಮ ಸಂಘ ಕಟ್ಟಿದ. ಎರಡನೆಯ ಸದಸ್ಯ ಅವನ ಜೀವದ ಗೆಳೆಯ, ಸಿರುಗುಪ್ಪದ ರೈಸ್ ಮಿಲ್ಲಿನವರ ಮಗ. ನಾನು ಸಿರುಗುಪ್ಪದ ಮಾಮ ಎನ್ನುತ್ತಿದ್ದೆ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಟ್ಟಿಗೇ ನಪಾಸಾದವರು. ಆಗ ಸಿರುಗುಪ್ಪದ ಮಾಮ ನಮ್ಮ ಅಜ್ಜಿಯ ಮನೆಯಲ್ಲೇ ಉಂಡು ಬೆಳೆದಿದ್ದ. ಅಜ್ಜಿ ಕೇಳಿದವರಿಗೆಲ್ಲ, "ನನಗ ಇಬ್ರು ಗಂಡಮಕ್ಳು, ಒಬ್ಬಾಂವ ಬಳ್ಳಾರ್‍ಯಾಗ, ಇನ್ನೊಬ್ಬಾಂವ ಸಿರುಗುಪ್ಪದಾಗ" ಎನ್ನುತ್ತಿದ್ದಳು. ಅವನೂ ಹೊಸ ಅಕ್ಕಿ ಬಂದಾಗಲೆಲ್ಲ ಮೊದಲ ಚೀಲವನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಜ್ಜಿಗೆ ತಂದುಕೊಡುತ್ತಿದ್ದ. ಮೂರನೆಯವರು ಪಕ್ಕದ ಓಣಿಯ ಗುಮಾಸ್ತರು. ತೆಲುಗು ಮನೆಮಾತಿನವರು, ಯಾವ ಜಗಳವೂ ಬೇಡದವರು.

ಸಂಘ ಎಂದ ಮೇಲೆ ಬೋರ್ಡು ಬೇಡವೇ? "ಪಂಕ್ ಫ್ಯಾನ್ಸ್, ಕೌಲ್ ಬಜಾರ್" ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿ ಬಾಗಿಲ ಮೇಲೆ ಏರಿಸಿದರು. ಕುರುಗೋಡಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಮ್ಮಪ್ಪ ಬಂದು ನೋಡಿ, "ಪಂಕ ಅಂದ್ರ ಕೆಸರು. ಕೆಸರಿಗೂ ಅಭಿಮಾನಿಗಳು ಅದಾರೇನಪಾ?" ಎಂದರು. ಕೆಸರಾದರೂ ಆಗಿದ್ದರೆ ಚೆನ್ನಾಗಿತ್ತು! ನಮ್ಮ ಓಣಿಯ ಅರ್ಧ ಜನರ ಮಾತು ಉರ್ದು. ಉರ್ದುವಿನಲ್ಲಿ ಪಂಖಾ, ಇಂಗ್ಲಿಷಿನಲ್ಲಿ ಫ್ಯಾನ್. ಒಂದೇ ಬೋರ್ಡಿನಲ್ಲಿ ಎರಡೆರಡು ಸಲ ಫ್ಯಾನ್ ಎಂದು ಬರೆದ ಅಂಗಡಿಯವನು ಎಷ್ಟು ದೊಡ್ಡ ಫ್ಯಾನ್ ರಿಪೇರಿಯವನಿರಬೇಕು! ಬಳ್ಳಾರಿಯ ಬೇಸಿಗೆ ಬೇರೆ. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಕಟ್ಟೆಯ ತುಂಬ ಫ್ಯಾನುಗಳು, ಫ್ಯಾನುಗಳ ಹಿಂದೆ ಜನ.

ಮೊದಲು ಬಂದವರು ಹಿಂದಿನ ಓಣಿಯ ಅಜ್ಜಿಯೊಬ್ಬರು, ಕಂಕುಳಲ್ಲಿ ಟೇಬಲ್ ಫ್ಯಾನು.

"ಬೇಟಾ, ಪಂಖಾ ಫಿರ್ತಾ ನೈ. ಖಾಲಿ ಚಿಲ್ಲಾತಾ."

ಅಂದರೆ ಅದು ತಿರುಗುವುದಿಲ್ಲ, ಬರೀ ಕಿರುಚುತ್ತದೆ ಎಂದು ದೂರು. ಮಾಮ ತಲೆ ಮೇಲೆ ಕೈಹೊತ್ತು, "ಹಂಗಾದ್ರ ಅದು ಪಂಕೇ ಐತಿ ಬಿಡ್ರಿ ಅಮ್ಮಾ" ಎಂದ. ಆದರೆ ಬಂದವರನ್ನು ಹಿಂದಕ್ಕೆ ಕಳಿಸುವುದು ಅವನ ಜಾಯಮಾನವಲ್ಲ. ಬಿಚ್ಚಿ, ಎಣ್ಣೆ ಬಿಟ್ಟು, ಕಿರುಚಾಟ ನಿಲ್ಲಿಸಿ ಕೊಟ್ಟ. ಆ ವರ್ಷ ಓಣಿಯ ಫ್ಯಾನುಗಳೆಲ್ಲ ನಮ್ಮ ಮನೆಯ ಮೂಲಕವೇ ಹಾದುಹೋದವು. ಸಂಘದ ಸಭೆಗಳು ಬಿಚ್ಚಿಟ್ಟ ರೆಕ್ಕೆಗಳ ನಡುವೆ ನಡೆಯತೊಡಗಿದವು.

ಕುರುಗೋಡಿನಲ್ಲಿ ನಮ್ಮ ಬಳಗದ ಮದುವೆಯೊಂದಕ್ಕೆ ಮಾಮನದೇ ಮೈಕ್ ಸೆಟ್. ಬೀಗರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಅವನಿಗೆ ಧರ್ಮಪ್ರಚಾರದ ಹುಕಿ ಬಂತು. ಪಂಕ್ ಕ್ಯಾಸೆಟ್ಟು ಹಾಕಿದ. ಹೋಳಿಗೆ ಬಾಯಿಗಿಟ್ಟಿದ್ದ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು.

"ಏ, ಯಾರಿಗೋ ಹೊಡ್ಯಾಕತ್ತಾರ, ಹೋಗಿ ಬಿಡಸ್ರಿ!"

ನಾಲ್ಕು ಜನ ಎಂಜಲು ಕೈಯಲ್ಲೇ ಹಿತ್ತಿಲಿಗೆ ಓಡಿದರು. ಅಲ್ಲಿ ಯಾರೂ ಸಿಗದೆ ಅವರು ತಿರುಗಿ ಬರುವಷ್ಟರಲ್ಲಿ ಹಾಡು ಮುಗಿದಿತ್ತು. "ಪಂಕಿನ ಗುಣಾನ ಅದು, ಜಗಳಾ ಬಿಡಸಾಕ ಬರೂದ್ರಾಗ ಜಗಳಾನ ಇರಂಗಿಲ್ಲ" ಎಂದು ಮಾಮ ಸಮರ್ಥಿಸಿಕೊಂಡ.

ಹೀಗೆ ನೆಟ್ಟಗೆ ನಡೆಯುತ್ತಿದ್ದ ಸಂಘಕ್ಕೆ ಬೆಂಕಿ ಬಿದ್ದದ್ದು ಬೇರೊಂದು ತಂಡದಿಂದ. ಅದೂ ಇಂಗ್ಲೆಂಡಿನದೇ, ಪಂಕಿಗಿಂತ ಹಳೆಯದು, ಭಾರೀ ಹೆಸರಿನದು. ಹೆಸರು ಹೇಳಿದರೆ ಇಂದಿಗೂ ಜಗಳವಾಗುತ್ತದೆ, ಆದ್ದರಿಂದ ಹೇಳುವುದಿಲ್ಲ. ರೆಕಾರ್ಡಿನ ಒಂದು ಮಗ್ಗುಲಿಗೆ ಒಂದೇ ಹಾಡು ಹಾಡುವ ಜನ! ನಮ್ಮ ಮನೆಯಲ್ಲಿ ಅದಕ್ಕೆ ಉದ್ದ ಬ್ಯಾಂಡು ಎಂದು ಹೆಸರಾಯಿತು. ಸಿರುಗುಪ್ಪದ ಮಾಮನ ಬಂಧುವೊಬ್ಬರು ಮದ್ರಾಸಿನಿಂದ ಅದರ ರೆಕಾರ್ಡು ತಂದುಕೊಟ್ಟಿದ್ದರು. ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ತಂದಂತೆ ತಂದ.

ರೆಕಾರ್ಡು ತಿರುಗತೊಡಗಿತು. ಗಾಳಿ ಬೀಸಿದ ಸದ್ದಾಯಿತು. ಆಮೇಲೆ ಆರ್ಗನ್ನು, ಎಲ್ಲೋ ದೂರದಲ್ಲಿ ಒಂದು ಗಂಟೆ. ನಾನು ಒಳಗೆ ಹೋಗಿ ಚಹಾ ಕಾಸಿ ತಂದೆ. ಇನ್ನೂ ಆರ್ಗನ್ನೇ. ಗುಮಾಸ್ತರು ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಈಗ ಕೊಳಲು.

"ಹಾಡು ಶುರು ಆತೇನಲೇ?" ಎಂದ ಮಾಮ.

"ತಡಿಯಲೇ, ಬರ್ತೈತಿ."

"ಹಾಡಾಂವ ಸಿರುಗುಪ್ಪದ ಬಸ್ಸಿಗೆ ಬರಾಕತ್ತಾನೇನು?"

ಗುಮಾಸ್ತರಿಗೆ ನಗು ಬಂದು ಮಿರ್ಚಿ ನೆತ್ತಿಗೇರಿತು. ಸಿರುಗುಪ್ಪದ ಮಾಮನಿಗೆ ಸಿಟ್ಟು ನೆತ್ತಿಗೇರಿತು. ಗುಮಾಸ್ತರು ಮಿರ್ಚಿ ಕಟ್ಟಿಕೊಟ್ಟಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆ ಬಿಡಿಸಿ ಓದಿದರು. ಲಂಡನ್ನಿನ ಪಂಕ್ ಹುಡುಗರು ಈ ಉದ್ದ ಹಾಡಿನವರನ್ನು ಕಂಡರೆ ಉರಿದುಬೀಳುತ್ತಾರೆ ಎಂದು ಅದರಲ್ಲಿತ್ತು. "ನೋಡು!" ಎಂದ ಮಾಮ. ಆದರೆ ಅದೇ ಹಾಳೆಯ ಕೆಳಗೆ, ಅವರಲ್ಲೇ ಒಬ್ಬ ಪಂಕ್ ಹುಡುಗ ಇವರ ರೆಕಾರ್ಡುಗಳನ್ನೆಲ್ಲ ಮನೆಯಲ್ಲಿ ಇಟ್ಟುಕೊಂಡಿದ್ದಾನೆ ಎಂದೂ ಇತ್ತು. "ಈಗ ನೀ ನೋಡು!" ಎಂದ ಸಿರುಗುಪ್ಪದ ಮಾಮ. ಮುಂದೇನಾಯಿತೆಂದು ತಿಳಿಯಲಿಲ್ಲ, ಮುಂದಿನ ಪುಟ ಯಾರದೋ ಮಿರ್ಚಿ ಕಟ್ಟಿಕೊಂಡು ಹೋಗಿತ್ತು. ಗುಮಾಸ್ತರು ತಮ್ಮ ತೀರ್ಪು ಕೊಟ್ಟರು: "ಇವರ ಮೊದಲಿನ ಮೂರು ರೆಕಾರ್ಡು ಬಂಗಾರಂ ಅಂಡಿ. ಆಮ್ಯಾಲಿನವು ಕೆಟ್ಟುಹೋದವು." ಅವರು ಅಲ್ಲಿಯವರೆಗೆ ಕೇಳಿದ್ದು ಈ ಒಂದನ್ನೇ, ಅದೂ ಅರ್ಧ!

ಮಾತಿಗೆ ಮಾತು ಬೆಳೆಯಿತು.

"ನಿನ್ನ ಪಂಕಿನವ್ರು ಇವ್ರನ್ನ ಕೇಳಿ ಕೇಳೇ ಗಿಟಾರು ಹಿಡಿಯಾಕ ಕಲ್ತಾರಲೇ."

"ಇದು ಪಂಕ್ ಸಂಘ. ಉದ್ದಂದು ಬೇಕಾದವ್ರು ಹೊರಗ ನಡೀರಿ."

ಸಿರುಗುಪ್ಪದ ಮಾಮ ಎದ್ದ. ಕಟ್ಟೆ ಇಳಿದು ನಿಂತು ಹೇಳಿದ: "ಹೋಗ್ತೀನಿ. ನೀ ಆಗಿ ಕರಿಯೂತನಕ ಈ ಕಟ್ಟಿ ಹತ್ತಂಗಿಲ್ಲ." ಸಿಟ್ಟಿನಲ್ಲಿ ರೆಕಾರ್ಡು ಬಿಟ್ಟೇ ಹೋದ. ಅಲ್ಲಿಗೆ ಸಂಘದಲ್ಲಿ ಉಳಿದವರು ಮಾಮ ಮತ್ತು ಮಂಡಕ್ಕಿ ಮೆಲ್ಲುತ್ತಿದ್ದ ಗುಮಾಸ್ತರು.

ವಾರದಲ್ಲಿ ಸರಿಹೋಗುತ್ತಾರೆ ಎಂದುಕೊಂಡೆವು. ಹೋಗಲಿಲ್ಲ. ಹೊಸ ಅಕ್ಕಿಯ ಕಾಲ ಬಂತು, ಅಕ್ಕಿ ಬರಲಿಲ್ಲ. ಅಜ್ಜಿ ದಿನಕ್ಕೊಮ್ಮೆ ಕೇಳುತ್ತಿದ್ದಳು, "ನನ್ನ ಸಿರುಗುಪ್ಪದ ಮಗ ಯಾಕ ಬರವಲ್ಲ?" ಮಾಮ, "ಮಿಲ್ಲಿನ್ಯಾಗ ಕೆಲ್ಸ ಐತಂತ" ಎನ್ನುತ್ತಿದ್ದ. ಹಾಗೆ ಹೇಳಿದ ಮೇಲೆ ಫ್ಯಾನಿನ ಮುಂದೆ ಸುಮ್ಮನೆ ಕುಳಿತಿರುತ್ತಿದ್ದ. ಸುಮ್ಮನೆ ಕೂರುವುದು, ಅದೂ ನಮ್ಮ ಮಾಮ! ನನಗೆ ಅವನನ್ನು ನೋಡಿದರೆ ಅಯ್ಯೋ ಎನಿಸುತ್ತಿತ್ತು. ಸಿರುಗುಪ್ಪಕ್ಕೆ ಬಸ್ಸಿಗೇನು ಬರವೇ? ಆದರೆ ಹೋಗಿ ಕರೆಯಲು ಅವನಿಗೆ ನಾಲಿಗೆ ಏಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಡಾಕ್ಟರು ಮಾಮನನ್ನು ಹೊರಗೆ ಕರೆದು, ಈ ವಯಸ್ಸಿನಲ್ಲಿ ಕೂಡುವುದಿಲ್ಲ, ಹೆಚ್ಚು ದಿನ ಇರಲಾರರು, ನೆಮ್ಮದಿಯಾಗಿ ಮಲಗಿಸಿ ಎಂದರು. ನೆಮ್ಮದಿ ಎಲ್ಲಿಂದ ಬರಬೇಕು? ಮಧ್ಯಾಹ್ನ ಊಟವಾಗುತ್ತಿದ್ದಂತೆ ಕರೆಂಟು ಹೋಗುತ್ತಿತ್ತು. ಮನೆಯ ತುಂಬ ಫ್ಯಾನುಗಳು, ಒಂದೂ ತಿರುಗುವುದಿಲ್ಲ!

ಅಂಥದೊಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಸಣ್ಣಗೆ ಗಾಳಿ ಬೀಸಿದ ಸದ್ದು, ಆಮೇಲೆ ಆರ್ಗನ್ನು, ದೂರದಲ್ಲಿ ಗಂಟೆ. ಬಾಗಿಲು ತಳ್ಳಿದೆ. ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು. ತಲೆಯ ಹತ್ತಿರ ಮಾಮ ಕುಳಿತು ಗರಿಯ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದ. ಪಕ್ಕದಲ್ಲಿ ಬ್ಯಾಟರಿಯ ಟೇಪ್ ರೆಕಾರ್ಡರ್. ರೆಕಾರ್ಡಿನಿಂದ ಯಾವಾಗ ಕಾಪಿ ಮಾಡಿಕೊಂಡಿದ್ದನೋ! ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನನ್ನನ್ನು ನೋಡಿದ.

"ಯಾರಿಗೂ ಹೇಳಬ್ಯಾಡ. ಪಂಕ್ ಹಚ್ಚಿದ್ರ ಎರಡ್ ನಿಮಿಷಕ್ಕ ಹಾಡು ಮುಗೀತೈತಿ, ನನ್ನ ಕೈನೂ ನಿಂದರ್ತೈತಿ. ಇದು ನಿಂದರಸಂಗಿಲ್ಲ. ಅವ್ವಗ ನಿದ್ದಿ ಹತ್ತೈತಿ ನೋಡು."

ಪಂಕ್ ಫ್ಯಾನು ಹೋಗಿ ಪಂಖಾನೇ ಆಗಿಬಿಟ್ಟಿದ್ದ. ನಾನು ನಗಲಿಲ್ಲ. ನಗು ಬಂದಿರಲೂ ಇಲ್ಲ.

ಹೀಗೇ ಕೆಲವು ದಿನ ಕಳೆದವು. ಗುಮಾಸ್ತರು ಯಾರ ಕೈಯಲ್ಲೋ ಸುದ್ದಿ ಕಳಿಸಿರಬೇಕು, ಒಂದು ಮಧ್ಯಾಹ್ನ ಸಿರುಗುಪ್ಪದ ಮಾಮ ಬಂದ. ಹೆಗಲ ಮೇಲೆ ಅಕ್ಕಿಯ ಚೀಲ. ಕಟ್ಟೆಯ ಕೆಳಗೆ ಉರಿಬಿಸಿಲಲ್ಲಿ ನಿಂತುಬಿಟ್ಟ.

"ಒಳಗ ಬರ್ರಿ ಮಾಮಾ."

"ಅಂವ ಕರೀಲಿ."

ನಾನು ಒಳಗೆ ಓಡಿದೆ. ಮಾಮನ ಮುಖ ನೋಡಬೇಕಿತ್ತು! ಎದ್ದು ಹೋಗೋಣವೆಂದರೆ ಗಾಳಿ ನಿಲ್ಲುತ್ತದೆ, ಕೂಗಿ ಕರೆಯೋಣವೆಂದರೆ ಅಜ್ಜಿಗೆ ಎಚ್ಚರವಾಗುತ್ತದೆ. ಇಷ್ಟು ದಿನ ಕೂಗುವ ಹಾಡನ್ನೇ ಹೊಗಳಿದವನಿಗೆ ಈಗ ಕೂಗುವ ಹಾಗಿಲ್ಲ. "ನಾ ಕರದೀನಿ ಅಂತ ಹೇಳು" ಎಂದು ಪಿಸುಗುಟ್ಟಿದ. ಹೋಗಿ ಹೇಳಿದೆ.

"ಅವನ ಬಾಯಿಲೇ ಹೇಳ್ಲಿ. ಮಾತಂದ್ರ ಮಾತು."

ಅಷ್ಟರಲ್ಲಿ ಒಳಗೆ ಕೊಳಲು ಶುರುವಾಯಿತು. ಸಿರುಗುಪ್ಪದ ಮಾಮ ಕಿವಿ ಕೊಟ್ಟು ಕೇಳಿದ. ಅಕ್ಕಿಯ ಚೀಲವನ್ನು ಕಟ್ಟೆಯ ಮೇಲೆ ಇಳಿಸಿದ.

"ಇದು ನಂದಲ್ಲೇನವಾ?"

"ಹೂಂ ರಿ. ದಿನಾ ಹಚ್ತಾರ."

ಅವನು ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದ. "ಇನ್ನ ಹೆಂಗ ಕರೀಬೇಕವಾ ಅಂವ" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಒಳಗೆ ಹೋದವನು ಮಾಮನ ಕೈಯಿಂದ ಬೀಸಣಿಕೆ ತೆಗೆದುಕೊಂಡ. ಮಾಮ ಸೋತ ಕೈಯನ್ನು ತಿಕ್ಕಿಕೊಳ್ಳುತ್ತ ಸ್ವಲ್ಪ ಸರಿದು ಜಾಗ ಕೊಟ್ಟ. ಹಿಂದೆ ಒಂದೇ ಬೆಂಚಿನ ಮೇಲೆ ಕುಳಿತಂತೆ ಇಬ್ಬರೂ ಕುಳಿತರು. ನನಗೆ ಅಳು ತಡೆಯಲಾಗಲಿಲ್ಲ.

ಆಗ ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದು ಟಕ್ಕೆಂದು ನಿಂತಿತು. ಅಜ್ಜಿ ಕಣ್ಣು ತೆರೆದಳು. ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

"ಬಂದಿ? ಬಿಸಲಾಗ ಬಂದಿ ನೋಡು... ಹಾಡು ಯಾಕ ನಿಂತತಲೇ?"

"ಆ ಕಡೀನೂ ಐತಿ ಯವ್ವಾ" ಎಂದ ಮಾಮ.

"ಚಲೋ ಐತಿ. ಲಗೂನ ಮುಗಸಬ್ಯಾಡ್ರಿ."

ಹೆಣ್ಣು ನೋಡಲು ಹೋಗಿ ಉಪ್ಪಿಟ್ಟಿಗೂ ಕಾಯದೆ ಎದ್ದು ಬಂದಿದ್ದ ನಮ್ಮ ಮಾಮ ಕ್ಯಾಸೆಟ್ಟನ್ನು ನಿಧಾನವಾಗಿ ತೆಗೆದ, ಮಗ್ಗುಲು ತಿರುವಿ ಹಾಕಿದ, ತಾಯಿಯ ಕೈ ಹಿಡಿದುಕೊಂಡ.

"ಇಲ್ಲ ಯವ್ವಾ. ಇದು ಭಾಳ ಉದ್ದ ಐತಿ."