ನಾನು ಹಾಕಿದ ರೆಗೆ ತಾಳ

ನಮ್ಮ ಹಾನಗಲ್ಲಿನ ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷಗಳಿಂದ ತಾಳ ಹಾಕುತ್ತಿರುವವನು ನಾನು. ಹೊಟ್ಟೆಪಾಡಿಗೆ ತಿಳವಳ್ಳಿಯಲ್ಲಿ ಗಣಿತದ ಮಾಸ್ತರಿಕೆ. ಆದರೂ ತಾಳವೆಂದರೆ ಊರಿಗೆಲ್ಲ ನಾನೇ. ಆದ್ದರಿಂದ ಅಕ್ಕನ ಮಗ ಪ್ರವೀಣ ಎಂಟು ಜನರ ಬ್ಯಾಂಡ್ ಕಟ್ಟಿಕೊಂಡು ನನ್ನ ಹತ್ತಿರವೇ ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

"ಮಾಮಾ, ಸ್ಕಾ, ರೆಗೆ ಅಂತ ಜಮೈಕಾ ದೇಶದ ಧಾಟಿ ಅದಾವು, ಅದರಾಗ ಹಾಡಿನ ಆಲ್ಬಮ್ ಮಾಡಾಕತ್ತೇವಿ. ಎಲ್ಲಾ ಸಮಾಜ ತಿದ್ದೂ ಹಾಡು. ನಿಮ್ಮನಿ ಗ್ವಾಡಿ ದಪ್ಪ ಅದಾವು, ಹೊರಗಿನ ಸಪ್ಪಳ ಬರಂಗಿಲ್ಲ, ಇಲ್ಲೇ ರೆಕಾರ್ಡ್ ಮಾಡ್ತೇವಿ. ತಾಳಕ್ಕ ನೀವ ಕುಂದರ್ರಿ, ಆಲ್ಬಮ್‌ನ್ಯಾಗ ಹೆಸರು ಹಾಕ್ತೇವಿ."

ನನ್ನನ್ನು ಬಿಟ್ಟು ಇನ್ನಾರನ್ನು ಕೇಳಬೇಕಿತ್ತು? ಮರುದಿನವೇ ಸ್ಟಾಫ್ ರೂಮಿನಲ್ಲಿ ಈ ಶುಭವಾರ್ತೆಯನ್ನು ಘೋಷಿಸಿದೆ.

ಸಂಜೆ ಪ್ರವೀಣ ರೆಗೆ ತಾಳದ ಗುಟ್ಟು ಹೇಳಿಕೊಟ್ಟ. "ಒಂದು, ಎರಡು ಅಂತ ಎಣಸ್ತೇವಲ್ಲ, ಅಲ್ಲಿ ಹಾಕಬಾರ್ದು ಮಾಮಾ. ನಡಕಿನ ಖಾಲಿ ಜಾಗದಾಗ ಹಾಕಬೇಕು."

"ಅಷ್ಟ ಹೌದಿಲ್ಲೋ? ತಗೋ!" ಎಂದೆ.

ಕೈ ಸರಿಯಾಗಿ ಒಂದಕ್ಕೇ ಬಿತ್ತು. ಏಳು ಸಲ! ಪ್ರತಿ ಸಲವೂ ಹಾಡು ಮತ್ತೆ ಮೊದಲಿನಿಂದ. ಸವಣೂರಿನ ಮದುವೆ ಬ್ಯಾಂಡಿನಿಂದ ಬಂದಿದ್ದ ಟ್ರಂಪೆಟ್ ಬಸಣ್ಣ ಕೈ ಮುಗಿದ. "ಮಾಸ್ತರ, ತುಟಿ ಬಾತಾವ್ರೀ."

ಛಲ ಬಿಡಲಿಲ್ಲ. ಮರುದಿನ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ತಗಡು ತಟ್ಟುತ್ತ ಅಭ್ಯಾಸ ಮಾಡಿದೆ. ತಟ್ಟಿದರೆ ಬಸ್ಸು ನಿಲ್ಲುತ್ತದೆ ಎಂಬುದು ನೆನಪಿರಬೇಕಲ್ಲ! ತಿಳವಳ್ಳಿ ಮುಟ್ಟುವುದರೊಳಗೆ ನಾಲ್ಕು ಕಡೆ ಗೋವಿನಜೋಳದ ಹೊಲದ ನಡುವೆ ನಿಂತಿತು. "ಇಳಿಯವ್ರು ಯಾರ್ರೀ?" ಎಂದು ಕಂಡಕ್ಟರ್ ಗುಡುಗಿದಾಗ ನಾನೂ ಹಿಂದೆ ತಿರುಗಿ ನೋಡಿದೆ.

ಭಾನುವಾರ ರೆಕಾರ್ಡಿಂಗು. ಮನೆಗೆಲಸ ಹೆಣ್ಣುಮಕ್ಕಳದಷ್ಟೇ ಅಲ್ಲ, ಗಂಡಸರೂ ಒಲೆಯ ಮುಂದೆ ಕೂಡಬೇಕು ಎಂಬ ಕ್ರಾಂತಿಕಾರಿ ಹಾಡು. ಒಳಗೆ ನನ್ನ ಹೆಂಡತಿ ಶಾಂತಾ ಇಷ್ಟೂ ಕ್ರಾಂತಿಕಾರಿಗಳಿಗೆ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು.

"ಹಾಡು ಭಾಳ ಚಲೋ ಐತ್ರಿ. ರೊಟ್ಟಿ ಇನ್ನ ಎಷ್ಟ ಬೇಕಾಗ್ತಾವು ಹೇಳ್ರಿ!" ಎಂದು ಅಲ್ಲಿಂದಲೇ ಕೂಗಿದಳು.

ಹಾಡು ಶುರುವಾಯಿತು. ಅಡುಗೆಮನೆಯಿಂದ ತಟ್, ತಟ್ ಸಪ್ಪಳ. ನನಗೆ ಸಿಟ್ಟು ನೆತ್ತಿಗೇರಿತು. "ಏ, ಬಡಿಯೂದು ನಿಲ್ಲಸ!"

ಹೆಡ್‌ಫೋನ್ ಹಾಕಿಕೊಂಡಿದ್ದ ಪ್ರವೀಣ ಎದ್ದು ನಿಂತ. "ಮಾಮಾ, ನೀವ ನಿಲ್ಲಸ್ರಿ! ಅತ್ತೀ, ನೀವು ಬಡೀರಿ!"

ಆಕೆಯ ಪೆಟ್ಟು ಒಂದೂ ತಪ್ಪದೆ ಖಾಲಿ ಜಾಗದಲ್ಲೇ ಬೀಳುತ್ತಿತ್ತು! ಹೇಗೆ ಕಲಿತೆ ಎಂದರೆ, "ಕಲಿಯೂದೇನ ಐತ್ರಿ? ಹಾಡು ಕೇಳ್ಕೋತ ಬಡದ್ನಿ" ಎಂದಳು.

ರೊಟ್ಟಿಯ ಹಲಗೆ ಪಡಸಾಲೆಗೆ ಬಂತು, ಅದರ ಮುಂದೆ ಮೈಕು ಬಂತು. ಬಡಿದ ರೊಟ್ಟಿಯನ್ನು ಯಾರಾದರೂ ಬೇಯಿಸಬೇಕಲ್ಲ? ಶಾಂತಾ ನನ್ನ ಕಡೆ ನೋಡಿದಳು. "ಒಲಿ ನೀವ ನೋಡ್ಕೋರಿ. ಹಾಡಿನ್ಯಾಗ ಹಂಗ ಐತೆಲ್ಲ?"

ತಾಳ ನಿಲ್ಲುವಂತಿಲ್ಲ, ಹಾಗಾಗಿ ರೊಟ್ಟಿಯೂ ನಿಲ್ಲಲಿಲ್ಲ. ಪಡಸಾಲೆಗೂ ಒಲೆಗೂ ಓಡಾಡಿ ನನ್ನ ಜೀವ ಬಾಯಿಗೆ ಬಂತು. ಮೊದಲಿನ ಹತ್ತು ಕರಕಾದವು. ಕಟ್ಟಿಗೆಯಂತಾಗಿದ್ದ ಹನ್ನೊಂದನೆಯದನ್ನು ಬಸಣ್ಣ ಮೊಣಕಾಲಿಗೆ ಹಚ್ಚಿ ಮುರಿದ. ಶಾಂತಾಳ ತಾಳ ಕೇಳಿ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಆದರೆ ಕಣ್ಣು ಮುಚ್ಚಿ, ತಲೆ ತೂಗುತ್ತ ಬಡಿಯುತ್ತಿದ್ದ ಆಕೆಯನ್ನು ಕಂಡು ಖುಷಿಯೂ ಆಯಿತು.

ಆಲ್ಬಮ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊಬೈಲಿನ ಸುತ್ತ ಸೇರಿ ನನ್ನ ಹೆಸರು ಹುಡುಕಿದರು. ತಾಳ: ಶಾಂತಾ. ನನ್ನದೂ ಇತ್ತು, ಕಟ್ಟಕಡೆಗೆ, 'ಊಟದ ಉಸ್ತುವಾರಿ' ಎಂಬುದರ ಮುಂದೆ.

ಹೆಡ್ ಮಾಸ್ತರರು ಅದನ್ನು ಎರಡು ಸಲ ಓದಿ ಬಹಳ ಮೆಚ್ಚಿಕೊಂಡರು. ಅಂದಿನಿಂದ ಶಾಲೆಯ ಬಿಸಿಯೂಟದ ಹೊಣೆಯೂ ನನ್ನದೇ!