ಕೃಷ್ಣಮೃಗ ಉಳಿಯಲು ಟಗರಿನ ಒಪ್ಪಿಗೆ

ನಮ್ಮ ಕೆಲಸದಲ್ಲಿ ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬಂದು ಕಾಲಿಗೆ ತೊಡರಿಕೊಳ್ಳುತ್ತವೆ. ನಾನು ಬನ್ನೂರಿನವನು. ಕಾಡುಪ್ರಾಣಿಗಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಪಶುವೈದ್ಯೆಗೆ ಸಹಾಯಕ. ಬಿಳಿಗೆರೆ ಕಡೆಯ ಒಂದು ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ಪುಟ್ಟ ಹಿಂಡೊಂದಿದೆ. ಅದರ ಹಿಂದೆ ಅಲೆದು, ಅದು ಹಾಕಿದ ಹಿಕ್ಕೆ ಆರಿಸಿ ತರುವುದೇ ನನ್ನ ಉದ್ಯೋಗ. ಹಿಕ್ಕೆ ಪರೀಕ್ಷೆ ಮಾಡಿದರೆ ಹೊಟ್ಟೆಯಲ್ಲಿ ಹುಳ ಇದೆಯೋ, ರೋಗ ಇದೆಯೋ ತಿಳಿಯುತ್ತದೆ. ನನ್ನ ಹೆಂಡತಿ ಮಾತ್ರ ಯಾರು ಕೇಳಿದರೂ "ಲ್ಯಾಬಲ್ಲಿದ್ದಾರೆ" ಅಂದು ಮಾತು ಬದಲಾಯಿಸುತ್ತಾಳೆ.

ಬಸ್ಸಿನಲ್ಲಿ ಡಬ್ಬ

ಒಂದು ದಿನ ಜೀಪು ಕೆಟ್ಟು ನಿಂತಿತು. ಹಿಕ್ಕೆ ತುಂಬಿದ ಥರ್ಮೊಕೋಲ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮೈಸೂರು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಂದ.

"ಏನ್ರೀ ಅದು, ಮೀನಾ? ವಾಸನೆ ಬಂದ್ರೆ ಇಳಿಸಿಬಿಡ್ತೀನಿ."

"ಮೀನಲ್ಲ ಸಾರ್, ಜಿಂಕೆ ಹಿಕ್ಕೆ."

ಇಡೀ ಬಸ್ಸು ನನ್ನ ಕಡೆ ತಿರುಗಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅದ್ಯಾಕಪ್ಪಾ?" ಅಂದರು.

"ಪರೀಕ್ಷೆ ಮಾಡ್ಸಕ್ಕೆ ಕಣಜ್ಜಿ. ಜಿಂಕೆ ಹುಷಾರಾಗಿದೆಯಾ ಅಂತ ನೋಡ್ಬೇಕು."

ಅಜ್ಜಿ ಮೂಗಿನಿಂದ ಸೆರಗು ತೆಗೆದು ಡಬ್ಬವನ್ನು ನೋಡಿದರು. "ವರ್ಸದಿಂದ ಮಂಡಿನೋವು ಮಂಡಿನೋವು ಅಂತ ಬಡ್ಕತಾ ಇವ್ನಿ, ನನ್ ಮಗ ಒಂದು ಪರೀಕ್ಷೆ ಮಾಡ್ಸಿಲ್ಲ. ಜಿಂಕೆ ಪುಣ್ಯ ಮಾಡಿತ್ತು ಬುಡು!"

ಗಾಬರಿ ಪಾಠ

ಹೀಗಿರುವಾಗ ಪಕ್ಕದೂರಿನ ಕುರಿಗಳಿಗೆ ಪಿಪಿಆರ್ ಅನ್ನುವ ರೋಗ ಬಂತು. ಮೂಗು ಸೋರಿ, ಭೇದಿಯಾಗಿ ಕುರಿಗಳು ಸಾಯತೊಡಗಿದವು. ನಮ್ಮ ಪಶುವೈದ್ಯೆ ಮೇಡಂ ಮುಖ ಸಪ್ಪಗಾಯಿತು. ಆ ರೋಗ ಕುರಿಯಿಂದ ಕೃಷ್ಣಮೃಗಕ್ಕೆ ದಾಟಿದರೆ ನಮ್ಮ ಪುಟ್ಟ ಹಿಂಡು ಉಳಿಯುವುದೇ ಅನುಮಾನ. ಇದ್ದದ್ದು ಒಂದೇ ದಾರಿ. ಅದೇ ಹುಲ್ಲುಗಾವಲಲ್ಲಿ ಮೇಯುವ ಕುರಿಗಳಿಗೆಲ್ಲ ಲಸಿಕೆ ಹಾಕಬೇಕು.

ಹುಲ್ಲುಗಾವಲಿನ ಅಂಚಿನ ಊರಿನಲ್ಲಿ ದೊಡ್ಡ ಮಂದೆ ಒಬ್ಬ ಯಜಮಾನರದು. ಅವರು ಹೂಂ ಅಂದರೆ ಎಲ್ಲರೂ ಹೂಂ. ಅವರು ಹೂಂ ಅನ್ನಲಿಲ್ಲ.

"ಉಳೀಬೇಕಾದ್ದು ಜಿಂಕೆ, ಚುಚ್ಚಾದು ನನ್ ಕುರಿಗಾ? ಜಿಂಕೆಗೇ ಚುಚ್ಚಿ ಓಗಿ!"

"ಲಸಿಕೆಯಿಂದ ನಿಮ್ಮ ಕುರೀನೂ ಉಳೀತವೆ ಯಜಮಾನ್ರೇ," ಅಂದರು ಮೇಡಂ. "ಜಿಂಕೆ ಹಿಡಿಯಕ್ಕಾಗಲ್ಲ. ಹಿಡಿದ್ರೆ ಗಾಬರಿಗೇ ಸತ್ತೋಗ್ತವೆ."

"ಅಷ್ಟೇ ತಾನೆ? ಗಾಬರಿ ಬೀಳಾದು ನನ್ ಕುರಿಗೂ ಏಳ್ಕೊಡ್ತೀನಿ, ಸುಮ್ಕಿರಿ!"

ಸುತ್ತ ನೆರೆದಿದ್ದ ಜನ ಗೊಳ್ಳೆಂದರು. ನನಗೆ ಮೈಯೆಲ್ಲ ಉರಿಯಿತು. ಆ ಬೆಳಿಗ್ಗೆಯಷ್ಟೇ ಹಿಂಡಿನಲ್ಲಿ ಹೊಸ ಮರಿಯೊಂದು ತಾಯಿಯ ಹಿಂದೆ ಕುಪ್ಪಳಿಸುವುದನ್ನು ನೋಡಿ ಬಂದಿದ್ದೆವು.

ನೀರು ಹಾಕಿ ಕೇಳಿದ್ದು

ಮೇಡಂ ಬಿಡುವ ಪೈಕಿಯಲ್ಲ. ದಿನಾ ಯಜಮಾನರ ಜಗಲಿಯಲ್ಲಿ ಹಾಜರ್. ಕೊನೆಗೆ ಯಜಮಾನರು, "ಆಗ್ಲಿ, ಕುರೀನೇ ಕೇಳುವ," ಅಂದರು.

ನಮ್ಮ ಕಡೆ ಮಾರಮ್ಮನಿಗೆ ಕುರಿ ಕೊಡುವಾಗ ಅದರ ಮೇಲೆ ನೀರು ಚಿಮುಕಿಸುತ್ತಾರೆ. ಅದು ಮೈ ಕೊಡವಿದರೆ ಒಪ್ಪಿಗೆ. ಕೊಡವುವ ತನಕ ಯಾರೂ ಮುಟ್ಟುವಂತಿಲ್ಲ. ಸೂಜಿಗೂ ಅದೇ ಕಾನೂನು ಅಂತ ಯಜಮಾನರ ತೀರ್ಮಾನ.

ಮಂದೆಯ ಹಿರಿಯ ಟಗರನ್ನು ತಂದು ನಿಲ್ಲಿಸಿದರು. ನೀರು ಹಾಕಿದರು. ಟಗರು ಮೆಲುಕು ಹಾಕಿತು. ಮತ್ತೆ ಹಾಕಿದರು. ಕಣ್ಣು ಮುಚ್ಚಿತು. ಮೇಡಂ ಸಿರಿಂಜ್ ಹಿಡಿದು ಬಿಸಿಲಲ್ಲಿ ನಿಂತೇ ಇದ್ದರು. ನನ್ನ ಸಹನೆ ಕೆಟ್ಟು ಇಡೀ ಬಿಂದಿಗೆಯನ್ನೇ ಸುರಿದೆ. ಟಗರು ಕದಲಲಿಲ್ಲ. ನೀರೆಲ್ಲ ಸಿಡಿದದ್ದು ಪಕ್ಕದಲ್ಲಿ ಮಲಗಿದ್ದ ನಾಯಿಯ ಮೇಲೆ. ಅದು ಎದ್ದು ಪಟಪಟನೆ ಮೈ ಕೊಡವಿತು.

ಯಜಮಾನರು ಗಂಭೀರವಾಗಿ ಹೇಳಿದರು: "ನಾಯಿ ಒಪ್ಕಂಡದೆ ಡಾಕ್ಟ್ರಮ್ಮ. ನಾಯಿಗೆ ಚುಚ್ಚಿ."

ಒಪ್ಪಿಗೆ ಬಂತು

ಮೇಡಂ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಕ್ಕರು. ಬಗ್ಗಿದ್ದನ್ನು ಟಗರು ಕುಸ್ತಿಗೆ ಕರೆ ಅಂದುಕೊಂಡಿತೋ ಏನೋ, ಓಡಿ ಬಂದು ಗುಮ್ಮಿತು. ಮೇಡಂ ಹೋಗಿ ತುಕ್ಕು ಹಿಡಿದ ಮುಳ್ಳುತಂತಿಯ ಮೇಲೆ ಬಿದ್ದರು. ಕೈ ಹರಿಯಿತು. ಯಜಮಾನರು ಕಂಗಾಲಾಗಿ, "ಅಯ್ಯೋ ನನ್ ತಾಯೇ!" ಅಂತ ತಾವೇ ಜೀಪು ಹತ್ತಿಸಿಕೊಂಡು ಆಸ್ಪತ್ರೆಗೆ ಬಂದರು.

ನರ್ಸಮ್ಮ ಟಿಟಿ ಇಂಜೆಕ್ಷನ್ ತಂದರು. ಅದನ್ನು ನೋಡಿದ್ದೇ ಮೇಡಂ ಗೋಡೆಗೆ ಅಂಟಿಕೊಂಡರು. "ಬೇಡ ಸಿಸ್ಟರ್, ಮಾತ್ರೆ ಕೊಡಿ ಸಾಕು." ಊರ ಕುರಿಗೆಲ್ಲ ಚುಚ್ಚಲು ಹೊರಟ ನಮ್ಮ ಮೇಡಂಗೆ ಸೂಜಿ ಅಂದರೆ ಜೀವಭಯ!

"ಏನವ್ವಾ, ನನ್ ಕುರಿಗೊಂದು ನ್ಯಾಯ, ನಿಂಗೊಂದು ನ್ಯಾಯವಾ?" ಅಂದರು ಯಜಮಾನರು.

ಮೇಡಂ ನಡುಗುತ್ತಲೇ ಪಟ್ಟು ಹಾಕಿದರು. "ನಾನು ಚುಚ್ಚಿಸ್ಕೊಂಡ್ರೆ ನಿಮ್ಮ ಮಂದೆಗೆಲ್ಲ ಚುಚ್ಚಿಸ್ತೀರಾ?"

"ಮಾರಮ್ಮನಾಣೆಗೂ ಚುಚ್ಚಿಸ್ತೀನಿ. ಆದ್ರೆ ಒಪ್ಪಿಗೆ ಬೇಕಲ್ಲ?"

ಹಾಗೆಂದವರೇ ಮೇಜಿನ ಮೇಲಿದ್ದ ಬಾಟಲಿ ತೆಗೆದು ಮೇಡಂ ನೆತ್ತಿಯ ಮೇಲೆ ನೀರು ಸುರಿದರು. ತಣ್ಣೀರು ಕತ್ತಿಗಿಳಿದದ್ದೇ ತಡ, ಮೇಡಂ ಅಡಿಯಿಂದ ಮುಡಿವರೆಗೆ ಗಡಗಡ ಮೈ ಕೊಡವಿದರು.

"ಕೊಡವುದ್ರು! ಒಪ್ಪುದ್ರು! ಚುಚ್ಚವ್ವಾ ಬೇಗ!"

ನರ್ಸಮ್ಮ ಚುಚ್ಚಿಯೇಬಿಟ್ಟರು. ಸರದಿಯಲ್ಲಿದ್ದ ರೋಗಿಗಳು ಚಪ್ಪಾಳೆ ತಟ್ಟಿದರು.

ಮರುದಿನ ಯಜಮಾನರ ಮಂದೆ ಮೊದಲು, ಹಿಂದೆಯೇ ಊರಿನ ಮಂದೆಯೆಲ್ಲ ಬಂತು. ದೂರದಲ್ಲಿ ನಮ್ಮ ಕೃಷ್ಣಮೃಗಗಳು ಮೇಯುತ್ತಿದ್ದವು, ಪುಟ್ಟ ಮರಿಯೂ ಇತ್ತು. ಟಗರಿನ ಸರದಿ ಬಂದಾಗ ನಾನು ಬಿಂದಿಗೆ ಹುಡುಕಿದೆ. ಯಜಮಾನರು ತಡೆದರು.

"ನೀರು ಯಾಕ್ಲಾ? ಮಂದೆ ಪರವಾಗಿ ಡಾಕ್ಟ್ರಮ್ಮನೇ ಮೈ ಕೊಡವವ್ರೆ!"