ಸ್ವಂತ ವಾಕ್ಯಗಳಲ್ಲಿ ಉತ್ತರಿಸಿರಿ

ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ ‘ಸ್ವಂತ ವಾಕ್ಯಗಳಲ್ಲಿ ಉತ್ತರಿಸಿರಿ’ ಎಂದು ಅಚ್ಚು ಹಾಕುವವರ ಮೇಲೆ ನನ್ನದೊಂದು ದೂರಿದೆ. ‘ಇದನ್ನು ಯಾರೂ ನಂಬಬಾರದು’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಾದರೂ ಹಾಕಬೇಕಿತ್ತು. ಇಡೀ ಬೀಳಗಿ ತಾಲೂಕಿನಲ್ಲಿ ಅದನ್ನು ನಂಬಿ ಕೆಟ್ಟವನು ನಾನೊಬ್ಬನೇ. ಪಿ.ಯು.ಸಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ವಂತ ವಾಕ್ಯ ಹುಡುಕಿ, ಹುಡುಕಿದ್ದನ್ನು ಹೊಡೆದುಹಾಕಿ, ಮತ್ತೆ ಹುಡುಕಿ ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಕೊನೆಯ ಗಂಟೆ ಹೊಡೆಯಿತು. ಆಮೇಲೆ ನಾನು ಕಾಲೇಜಿನ ಕಡೆ ತಲೆ ಹಾಕಲಿಲ್ಲ.

“ಸಾಲಿ ಒಲ್ಲೆ ಅಂದ್ರ ಮಾಮಾನ ಗೊಬ್ಬರದ ಅಂಗಡ್ಯಾಗ ಕುಂದ್ರು ಬಸೂ” ಎಂದಳು ನಮ್ಮವ್ವ ಇಂದ್ರವ್ವ. “ಗಿರಾಕಿಗೆ ‘ಏನ್ ಬೇಕ್ರೀ’ ಅನ್ನಾಕ ಏನ್ ಧಾಡಿ?”

ಧಾಡಿ ಏನೆಂದು ಅವಳಿಗೆ ಹೇಗೆ ಹೇಳಲಿ? ‘ಏನ್ ಬೇಕ್ರೀ’ ಎನ್ನಲು ನಾನು ಮನಸ್ಸಿನಲ್ಲಿ ನಾಲ್ಕು ಸಲ ತಾಲೀಮು ಮಾಡಬೇಕು. (ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿ ಚೀಲ ಹೊತ್ತುಕೊಂಡಿರುತ್ತಾನೆ.) ಅಂಗಡಿಯಿಂದ ಪಾರಾಗಲು ನಾನು ಒಂದು ಘನ ಯೋಜನೆ ಹೂಡಿದೆ: ಹತ್ತನೇ ಇಯತ್ತೆಯವರಿಗೆ ಇಂಗ್ಲಿಷ್ ಟ್ಯೂಶನ್!

“ಈಸಾಕ ಬರಲಾರದಾಂವ ಹೊಳಿ ದಾಟಸ್ತಾನಂತ” ಎಂದು ಅವ್ವ ರೊಟ್ಟಿಯನ್ನು ಹಂಚಿಗೆ ಎಸೆದಳು. “ಪ್ರಿಪರೇಟರಿ ಪರೀಕ್ಷಾ ಮಟಾ ನೋಡ್ತೀನಿ. ನಡೀಲಿಲ್ಲಂದ್ರ ಅಂಗಡಿ.”

ತಂಗಿ ಪ್ರೀತಿ, ಹಿಂದಿನ ಮನೆಯ ಗುರುಬಸವ್ವನ ಮಗ ಸೋಮಲಿಂಗ, ಅವನ ಮೂವರು ಗೆಳೆಯರು ಹೀಗೆ ಪಂಚಪಾಂಡವರು ಸೇರಿದರು. ಉಳಿದ ಊರೆಲ್ಲ ಬಸ್ ಸ್ಟ್ಯಾಂಡ್ ಹಿಂದಿನ ಹುಲೆಪ್ಪ ಸರ್ ಅವರ ಟ್ಯೂಶನ್ನಿನಲ್ಲಿತ್ತು. ಸರ್ ಅವರ ವಿಧಾನ ಸರಳ. ಒಂದೇ ಪ್ರಬಂಧ, ಅದರಲ್ಲೊಂದು ಖಾಲಿ ಜಾಗ. ‘ನಮ್ಮ ಜೀವನದಲ್ಲಿ ಡ್ಯಾಶ್ ಬಹಳ ಮಹತ್ವದ್ದು. ಡ್ಯಾಶ್ ಇಲ್ಲದೆ ನಾವು ಬದುಕಲಾರೆವು.’ ಡ್ಯಾಶಿನಲ್ಲಿ ತಾಯಿ, ಗ್ರಂಥಾಲಯ, ಕ್ರೀಡೆ, ಏನು ತುಂಬಿದರೂ ನಡೆಯುತ್ತಿತ್ತು. ಹೋದ ವರ್ಷ ಮಾಲಿನ್ಯದ ಬಗ್ಗೆ ಪ್ರಶ್ನೆ ಬಂದಾಗ ಅರವತ್ತು ಮಕ್ಕಳು ಮಾಲಿನ್ಯವಿಲ್ಲದೆ ಬದುಕಲಾರೆವೆಂದು ಬರೆದು ಪಾಸಾದರು.

ನಾನು ಮಾತ್ರ ಸ್ವಂತ ವಾಕ್ಯದ ಹಟ ಹಿಡಿದೆ. ಪಠ್ಯದಲ್ಲೊಂದು ಪದ್ಯವಿತ್ತು. ದೋಣಿ ಮುಳುಗುತ್ತದೆ, ಕವಿ ದಂಡೆಯಲ್ಲಿ ನಿಂತು ಎಂಟು ನುಡಿ ಅಳುತ್ತಾನೆ.

“ಅಣ್ಣಾ, ಈ ಕವಿಗೆ ಈಸಾಕ ಬರ್ತಿರಲಿಲ್ಲೇನು?” ಸೋಮಲಿಂಗ ಕೇಳಿದ. “ಹೊಳಿ ದಂಡಿ ಮ್ಯಾಲಿನ ನಮ್ಮ ಗಲಗಲಿ ಮಾಮಾ ಆಗಿದ್ರ ಎರಡನೇ ನುಡ್ಯಾಗ ಜಿಗೀತಿದ್ದ.”

“ಹಂಗ ಬರಿ.”

“ಖರೇನ ಬರೀಲೇನು?”

“ಖರೇನ ಬರೀಬೇಕು. ಪ್ರಬಂಧನೂ ಹಂಗ.”

ಆ ‘ಹಂಗ’ ನನ್ನನ್ನು ಮುಳುಗಿಸಿತು. ‘ನನ್ನ ತಾಯಿ’ ಎಂಬ ಪ್ರಬಂಧಕ್ಕೆ ಸೋಮಲಿಂಗ ಖರೇನೇ ಬರೆದ. ನಾನು ಮೂರು ಸಲ ತಿದ್ದಿದೆ. ವ್ಯಾಕರಣವನ್ನಷ್ಟೇ ನೋಡಿದೆ, ಅನಾಹುತವನ್ನು ನೋಡಲಿಲ್ಲ. ಪ್ರಿಪರೇಟರಿಯಲ್ಲಿ ಅದೇ ಪ್ರಶ್ನೆ ಬಂತು, ಸೋಮಲಿಂಗನಿಗೆ ಪೂರ್ತಿ ಅಂಕವೂ ಬಂತು. ಪಾಲಕರ ಸಹಿಗಾಗಿ ಉತ್ತರಪತ್ರಿಕೆಗಳು ಮನೆಗೆ ಬಂದವು.

ಗುರುಬಸವ್ವ ಹಿಗ್ಗಿನಿಂದ ಪೇಢೆ ಹಿಡಿದುಕೊಂಡು, ಜೊತೆಗೆ ಅತ್ತೆ ಮುದಕವ್ವನನ್ನೂ ಕರೆದುಕೊಂಡು ನಮ್ಮ ಪಡಸಾಲೆಗೆ ಬಂದಳು. ಅವರಿಬ್ಬರಿಗೂ ಇಂಗ್ಲಿಷ್ ಓದಲು ಬಾರದು.

“ನನ್ನ ಮ್ಯಾಲ ಬರದಾನಂತ ತಮ್ಮಾ. ಕನ್ನಡದಾಗ ಓದಿ ಹೇಳು. ನಮ್ಮತ್ತೀನೂ ಕೇಳ್ಲಿ, ನಾ ಎಂಥಾಕಿ ಅಂತ.”

ಪತ್ರಿಕೆ ನೋಡಿದೆ. ಅನಾಹುತ ಈಗ ಕಂಡಿತು. ಹುಲೆಪ್ಪ ಸರ್ ಅವರನ್ನು ಮನದಲ್ಲೇ ನೆನೆದು ಶುರು ಮಾಡಿದೆ: “ನಮ್ಮ ಜೀವನದಲ್ಲಿ ತಾಯಿ ಬಹಳ ಮಹತ್ವದ್ದು. ತಾಯಿ ಇಲ್ಲದೆ…”

“ಅಣ್ಣಾ, ಅಲ್ಲಿ ಹಂಗೆಲ್ಲೈತಿ?” ಹಿಂದಿನಿಂದ ಇಣುಕಿದ್ದ ಪ್ರೀತಿ ಗಟ್ಟಿಯಾಗಿ ಅನುವಾದಿಸಿದಳು. ಎಷ್ಟು ಶುದ್ಧ ಅನುವಾದ! (ಕಲಿಸಿದವನು ನಾನೇ.) “‘ನಮ್ಮವ್ವ ಕರದಂಟನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾಳೆ. ಅಜ್ಜಿಗೆ ಸಕ್ಕರೆ ಕಾಯಿಲೆ ಇಲ್ಲ. ಅವ್ವ ಇದೆಯೆಂದು ನಂಬಿಸಿದ್ದಾಳೆ.’”

ಗುರುಬಸವ್ವ ಪೇಢೆಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಮೂರು ವರ್ಷಾತು ಬೇ!” ಮುದಕವ್ವ ಎದ್ದು ನಿಂತಳು. “ಮೂರು ವರ್ಷ ಸಪ್ಪನ ಚಹಾ ಕುಡದೀನಿ! ನಡಿ, ಡಬ್ಬಿ ತಗಿ!” ಹೋಗುವಾಗ ಪೇಢೆಯ ಪೊಟ್ಟಣವನ್ನೂ ಕಸಿದುಕೊಂಡು, ದಾರಿಯಲ್ಲೇ ಎರಡು ಬಾಯಿಗೆ ಹಾಕಿಕೊಂಡಳು.

ಗುರುಬಸವ್ವ ಬಾಗಿಲಲ್ಲಿ ತಿರುಗಿ ನಿಂತಳು. “ಇಂಗ್ಲಿಷ್ ಕಲಸಂತ ಕಳಿಸಿದ್ರ ಮನಿ ಒಡಿಯೂದು ಕಲಿಸಿದಿ. ನಿನ್ನ ಬಾಯಾಗ ಮಣ್ಣ ಬೀಳ್ಲಿ!”

ಸಂಜೆಯೊಳಗೆ ನಾಲ್ವರು ಪಾಂಡವರು ಹುಲೆಪ್ಪ ಸರ್ ಅವರಲ್ಲಿಗೆ ವನವಾಸಕ್ಕೆ ಹೋದರು. ಮರುದಿನ ಬೆಳಿಗ್ಗೆ ಶಿದ್ರಾಮಪ್ಪ ಮಾಮಾ ನನ್ನನ್ನು ಅಂಗಡಿಗೆ ಒಯ್ಯಲು ಮೋಟಾರ್ ಸೈಕಲ್ ತಂದು ನಿಲ್ಲಿಸಿದ. ಅದೇ ಹೊತ್ತಿಗೆ ಪ್ರೀತಿ ತನ್ನ ಉತ್ತರಪತ್ರಿಕೆಯನ್ನು ಸಹಿಗೆ ತಂದಳು. ಅವಳು ಆರಿಸಿಕೊಂಡಿದ್ದ ವಿಷಯ ‘ನನ್ನ ಅಣ್ಣ’, ಅದಕ್ಕೂ ಪೂರ್ತಿ ಅಂಕ.

“ನೀನ ಓದಬೇ” ಎಂದಳು ಅವ್ವ ಅವಳಿಗೆ. “ಇವ ಓದಿದ್ರ ಮತ್ತ ‘ಬಹಳ ಮಹತ್ವದ್ದು’ ಅಂತಾನ.”

ಪ್ರೀತಿ ಓದಿದಳು: “‘ನನ್ನ ಅಣ್ಣ ಬಹಳ ಒಳ್ಳೆಯವನು. ಅವನಿಗೆ ಮನುಷ್ಯರನ್ನು ಕಂಡರೆ ಭಯ. ಅಂಗಡಿಯಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳಲು ನಮಗೆ ಪಾಠ ಹೇಳುತ್ತಾನೆ. ಅವನು ಕೂತರೆ ಮಾಮಾನ ಅಂಗಡಿ ಆರು ತಿಂಗಳಲ್ಲಿ ಮುಚ್ಚುತ್ತದೆ.’”

ಮಾಮಾ ಕೈಯಲ್ಲಿದ್ದ ಚಹಾ ಕೆಳಗಿಟ್ಟ. “ಅಕ್ಕಾ, ಬಾಗಲಕೋಟಿಗೆ ಒಂದ ಅರ್ಜೆಂಟ್ ಕೆಲಸ ಐತಿ. ಬಸೂನ್ನ… ಆಮ್ಯಾಲ ನೋಡೂಣು” ಎಂದವನು ಚಹಾ ಮುಗಿಸದೆಯೇ ಹೋದ. ಅಂಗಡಿಯ ಗಂಡಾಂತರ ಹೀಗೆ ನನ್ನ ಮಾನದೊಂದಿಗೆ ಜಂಟಿಯಾಗಿ ತೊಲಗಿತು.

ಆದರೆ ಅವ್ವ ಸುಮ್ಮನಿರಲಿಲ್ಲ. ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿಸಿ, ಕೈ ಹಿಡಿದು ನನ್ನನ್ನು ಹುಲೆಪ್ಪ ಸರ್ ಎದುರು ನಿಲ್ಲಿಸಿದಳು. “ಇವನ ಸ್ವಂತ ಮಾತೆಲ್ಲಾ ಬಿಡಸ್ರೀ ಸರ್.”

ಈಗ ನನಗಿಂತ ಎರಡು ವರ್ಷ ಸಣ್ಣವರ ನಡುವೆ ಮೂರನೇ ಬೆಂಚಿನಲ್ಲಿ ಕೂರುತ್ತೇನೆ. ಮೊದಲ ದಿನವೇ ಸರ್ ಮೇಜು ಬಡಿದು ಘೋಷಿಸಿದರು: “ಡ್ಯಾಶ್ ಹಳೇದಾತು. ಈ ವರ್ಷ ಪೂರ್ತಿ ಮಾರ್ಕ್ಸ್ ಬಂದ ಪ್ರಬಂಧ ಒಂದು ಸಿಕ್ಕೈತಿ. ಹತ್ತನೇದವ್ರಿಗೂ ಇದ, ಪಿ.ಯು.ಸಿ.ದವ್ರಿಗೂ ಇದ. ಬರ್ಕೊಳ್ರಿ. ‘ನನ್ನ ಅಣ್ಣ.’”

ಅರವತ್ತು ಪೆನ್ನುಗಳು ಓಡಿದವು. ಅಣ್ಣನಿಲ್ಲದವರೂ ಬರೆದುಕೊಂಡರು. ಸೋಮಲಿಂಗ ನನ್ನ ಕಡೆ ನೋಡಲಿಲ್ಲ, ಆದರೆ ಅವನ ಹೆಗಲು ಕುಣಿಯುತ್ತಿತ್ತು. ನಿನ್ನೆ ಒಪ್ಪಿಸುವ ಸರದಿ ನನ್ನದು. ಎದ್ದು ನಿಂತು, ಮನುಷ್ಯರನ್ನು ಕಂಡರೆ ಭಯ ಎಂಬಲ್ಲಿಂದ ಅಂಗಡಿ ಮುಚ್ಚುವವರೆಗೆ ಒಂದಕ್ಷರವೂ ತಪ್ಪದಂತೆ ಹೇಳಿದೆ.

ಸರ್ ತಲೆ ಅಲ್ಲಾಡಿಸಿದರು. “ಬಾಯಿಪಾಠ ಆಗೇತಿ. ಆದ್ರ ಭಾವನಾ ಇಲ್ಲಪಾ. ಜಗತ್ತಿನ್ಯಾಗ ಖರೇನ ಅಂಥಾವ ಒಬ್ಬ ಅದಾನ ಅಂತ ತಿಳ್ಕೊಂಡು, ಇನ್ನೊಮ್ಮೆ ಹೇಳು.”